ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂವು

ಜನವರಿ ಕೊನೆಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ ಬೆಂಗಳೂರಿನ ನರ್ಸರಿಗಳ ಮುಂದೆ ಪೆಟೂನಿಯಾ, ಸಾಲ್ವಿಯಾ, ಡಯಾಂಥಸ್ ಸಸಿಗಳ ಸಾಲು ಕಾಣುತ್ತದೆ. ಹೂ ಬಿಟ್ಟ ಗಿಡವನ್ನೇ ತಂದು ಬಾಗಿಲ ಮುಂದಿಟ್ಟರೆ ಆರೆಂಟು ವಾರ ಮನೆಗೆ ಕಳೆ. ಮಾರ್ಚಿನ ಬಿಸಿಲು ಏರಿತೆಂದರೆ ಒಂದೊಂದೇ ಸೊರಗುತ್ತವೆ. ಯುಗಾದಿಯ ಹೊತ್ತಿಗೆ ಕುಂಡದಲ್ಲಿ ಒಣಕಡ್ಡಿ ಉಳಿದಿರುತ್ತದೆ. "ನನ್ನ ಕೈಗುಣವೇ ಸರಿಯಿಲ್ಲ" ಎಂದು ಎಷ್ಟೋ ಜನ ಅಲ್ಲಿಗೇ ಹೂಗಿಡದ ಆಸೆ ಬಿಟ್ಟುಬಿಡುತ್ತಾರೆ. ನನಗೆ ಬೇಸರವಾಗುವುದು ಇದಕ್ಕೇ. ನಮ್ಮ ಹವೆಯಲ್ಲಿ ಆ ಗಿಡಗಳ ಆಯಸ್ಸೇ ಅಷ್ಟು, ಯಾರು ಸಾಕಿದರೂ ಅಷ್ಟೇ.

ಅದೇ ಜಾಗದಲ್ಲಿ ದಾಸವಾಳವನ್ನೋ ನಂದಿಬಟ್ಟಲನ್ನೋ ಕನಕಾಂಬರವನ್ನೋ ಇಟ್ಟಿದ್ದರೆ ಅದು ವರ್ಷಗಟ್ಟಲೆ ಉಳಿಯುತ್ತಿತ್ತು. ಬಹುವಾರ್ಷಿಕ ಹೂಗಿಡಗಳು ಕಡಿಮೆ ಆರೈಕೆಯಲ್ಲಿ ಬೆಳೆಯುತ್ತವೆ ಎನ್ನುವುದು ನಿಜ. ಆದರೆ ಆ ಮಾತಿಗೆ ಒಂದು ಷರತ್ತಿದೆ. ನೆಡುವ ದಿನವೇ ಬಿಸಿಲು, ನೀರು, ಮಣ್ಣು ಈ ಮೂರನ್ನೂ ನೋಡಿ ಜಾಗ ಗೊತ್ತುಮಾಡಿರಬೇಕು. ಜಾಗ ತಪ್ಪಿದ ಗಿಡಕ್ಕೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ, ಎಷ್ಟು ಔಷಧಿ ಹೊಡೆದರೂ ಅದು ನರಳುತ್ತಲೇ ಇರುತ್ತದೆ. ಜಾಗ ಸರಿಹೋದ ಗಿಡವನ್ನು ಮರೆತರೂ ಅದು ಬದುಕುತ್ತದೆ. ನಾವು ಕೈಗುಣ ಎಂದು ಕರೆಯುವುದರಲ್ಲಿ ಬಹುಪಾಲು ಈ ಆಯ್ಕೆಯೇ ಅಡಗಿದೆ ಎಂದು ನನ್ನ ನಂಬಿಕೆ.

ಹಳೆಯ ಹಿತ್ತಲುಗಳನ್ನು ಈ ಕಣ್ಣಿಂದ ನೋಡಿದರೆ ಅಲ್ಲಿನ ಲೆಕ್ಕಾಚಾರ ತಿಳಿಯುತ್ತದೆ. ಬಚ್ಚಲ ನೀರು ಹರಿದುಹೋಗುವ ಕಾಲುವೆಯ ಪಕ್ಕ ಕಾಬಾಳೆ ಇರುತ್ತಿತ್ತು, ನರ್ಸರಿಯವರು ಕ್ಯಾನಾ ಎಂದು ಕರೆಯುವ ಅದೇ ಗಿಡ. ಅದಕ್ಕೆ ಬುಡದಲ್ಲಿ ಸದಾ ತೇವ ಇದ್ದಷ್ಟೂ ಖುಷಿ, ಬಳಸಿದ ನೀರಿನಲ್ಲಿರುವ ಪೋಷಕಾಂಶವನ್ನೂ ಹೀರಿಕೊಳ್ಳುತ್ತದೆ. ಇಂದು ಕೊಳಚೆ ನೀರು ಶುದ್ಧೀಕರಿಸಲು ಕೃತಕ ಜೌಗು ತೊಟ್ಟಿಗಳನ್ನು ಕಟ್ಟುವ ಎಂಜಿನಿಯರುಗಳೂ ಇದೇ ಗಿಡವನ್ನು ನೆಡುತ್ತಾರೆ. ಬೇಲಿಯಂಚಿನ ಪೂರ್ಣ ಬಿಸಿಲಿಗೆ ದಾಸವಾಳ. ಮನೆಯ ನೆರಳು ಬೀಳುವ ಕಡೆಗೆ ನಂದಿಬಟ್ಟಲು. ಯಾರೂ ನೀರು ಹೊಯ್ಯದ ಮೂಲೆಗೆ ಕಣಗಿಲೆ. ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತು ತರಬೇಕಿದ್ದ ಕಾಲ ಅದು. ಬೇಡಿಕೆ ಹೆಚ್ಚಿರುವ ಗಿಡವನ್ನು ನೀರಿನಿಂದ ದೂರ ನೆಡುವ ತಪ್ಪನ್ನು ಯಾರೂ ಮಾಡುತ್ತಿರಲಿಲ್ಲ.

30-40 ಅಡಿಯ ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆ ಉಳಿಯುವುದು ಕಾಂಪೌಂಡಿನೊಳಗಿನ ಮೂರಡಿ ಪಟ್ಟಿ. ಅಲ್ಲಿ ಮೊದಲು ತಿಳಿಯಬೇಕಾದದ್ದು ಬಿಸಿಲಿನ ಓಡಾಟ. ತಂಪುದೇಶಗಳ ತೋಟಗಾರಿಕೆ ಪುಸ್ತಕಗಳಲ್ಲಿ ಮನೆಯ ಉತ್ತರದ ಗೋಡೆಯ ಬುಡ ಎಂದರೆ ವರ್ಷವಿಡೀ ನೆರಳು. ನಮ್ಮಲ್ಲಿ ಹಾಗಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆಗ ಉತ್ತರದ ಪಟ್ಟಿಗೂ ಬಿಸಿಲು ಇಳಿಯುತ್ತದೆ. ಡಿಸೆಂಬರಿನಲ್ಲಿ ಅದೇ ಪಟ್ಟಿ ಪೂರ್ತಿ ಮನೆಯ ನೆರಳಲ್ಲಿ, ದಕ್ಷಿಣದ ಪಟ್ಟಿ ಪೂರ್ತಿ ಬಿಸಿಲಲ್ಲಿ. ಆದ್ದರಿಂದ ಚಳಿಗಾಲದಲ್ಲಿ ಹೂ ಬಿಡುವ ಸೇವಂತಿಗೆಯಂಥದ್ದನ್ನು ದಕ್ಷಿಣಕ್ಕೂ ಮಳೆಗಾಲದಲ್ಲಿ ಹೂ ಬಿಡುವಂಥದ್ದನ್ನು ಉತ್ತರಕ್ಕೂ ನೆಡಬಹುದು. ಗಿಡ ತರುವ ಮೊದಲು ಒಂದು ಭಾನುವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಅಂಗಳಕ್ಕೆ ಇಳಿದು ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ನೋಡಿಕೊಳ್ಳಿ. ಆ ಭಾನುವಾರಕ್ಕಿಂತ ಉಪಯುಕ್ತವಾದ ತೋಟದ ಕೆಲಸ ಇನ್ನೊಂದಿಲ್ಲ.

ಇನ್ನು ದಾಸವಾಳ. ನನ್ನನ್ನು ಕೇಳಿದರೆ ಕನ್ನಡ ನಾಡಿನ ಯಾವ ಮೂಲೆಯ ಮನೆಯವರಾದರೂ ಮೊದಲು ನೆಡಬೇಕಾದ ಗಿಡ ಇದು. ಒಂದು ಹೂವಿನ ಆಯಸ್ಸು ಸಾಮಾನ್ಯವಾಗಿ ಒಂದೇ ದಿನ. ಹಾಗಿದ್ದೂ ಗಿಡ ಹೆಚ್ಚುಕಡಿಮೆ ವರ್ಷವಿಡೀ ಹೂ ಬಿಡುತ್ತದೆ, ಏಕೆಂದರೆ ಪ್ರತಿ ಹೊಸ ಚಿಗುರಿನ ಎಲೆಸಂದಿಯಲ್ಲೂ ಮೊಗ್ಗು ಹುಟ್ಟುತ್ತದೆ. ಇದನ್ನು ತಿಳಿದರೆ ದಾಸವಾಳದ ಅರ್ಧ ವಿದ್ಯೆ ತಿಳಿದಂತೆ. ಹೊಸ ಚಿಗುರಿಲ್ಲದೆ ಮೊಗ್ಗಿಲ್ಲ, ಸವರದೆ ಹೊಸ ಚಿಗುರು ಹೆಚ್ಚುವುದಿಲ್ಲ. "ಗಿಡ ಆಳೆತ್ತರ ಬೆಳೆದಿದೆ, ಹೂ ಮಾತ್ರ ತುದಿಯಲ್ಲಿ ಎರಡು" ಎಂದು ದೂರುವವರು ಕತ್ತರಿ ಹಿಡಿಯಲು ಹೆದರಿದವರೇ. ದೊಡ್ಡ ಮಳೆ ಮುಗಿದ ಮೇಲೆ ಗಿಡದ ಮೂರರಲ್ಲಿ ಒಂದು ಪಾಲು ಎತ್ತರವನ್ನು ಧೈರ್ಯವಾಗಿ ಕತ್ತರಿಸಬಹುದು. ಪ್ರತಿ ಕಡ್ಡಿಯ ತುದಿಯಿಂದ ಎರಡು ಮೂರು ಹೊಸ ಕವಲು ಒಡೆಯುತ್ತವೆ. ಮೊಗ್ಗು ಅರಳುವ ಮೊದಲೇ ಉದುರುತ್ತಿದ್ದರೆ ಮೊದಲು ನೀರಿನ ಕ್ರಮ ನೋಡಬೇಕು. ಬುಡ ಒಮ್ಮೆ ಕಾದ ಹೆಂಚಿನಂತೆ ಒಣಗಿ, ಮರುದಿನ ಕೆಸರಾದರೆ ಗಿಡ ಮೊದಲು ಕಳಚಿಕೊಳ್ಳುವುದು ಮೊಗ್ಗನ್ನೇ.

ದಾಸವಾಳಕ್ಕೆ ಇರುವ ನಿಜವಾದ ಕಾಟ ಹಿಟ್ಟುತಿಗಣೆ. ಕುಡಿಯ ಸುತ್ತ ಬಿಳಿ ಹತ್ತಿಯಂತೆ ಮೆತ್ತಿಕೊಂಡು ರಸ ಹೀರುತ್ತದೆ, ಎಲೆ ಮುರುಟುತ್ತದೆ. ಕಂಡ ಕೂಡಲೇ ಕೀಟನಾಶಕದ ಡಬ್ಬಿ ತರುವವರಿಗೆ ಒಂದು ಘಟನೆ ಹೇಳಬೇಕು. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನ ಸುತ್ತ ಕಾಣಿಸಿಕೊಂಡು ದಕ್ಷಿಣ ಭಾರತದ ತುಂಬ ಹರಡಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು, ಮನೆಯ ಮುಂದಿನ ದಾಸವಾಳ, ಯಾವುದನ್ನೂ ಅದು ಬಿಡಲಿಲ್ಲ. ಔಷಧಿ ಹೊಡೆದಷ್ಟೂ ತಿರುಗಿ ಬಂತು, ಮೈಮೇಲಿನ ಮೇಣದ ಪುಡಿ ಅದಕ್ಕೆ ಗುರಾಣಿ. ಕೊನೆಗೆ 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟಗಳ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ, ಸಾಕಿ, ಹೊಲತೋಟಗಳಿಗೆ ಬಿಟ್ಟರು. ಅವು ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಂದವು, ಪೀಡೆ ಹತೋಟಿಗೆ ಬಂತು. ಮನೆಯ ಅಂಗಳಕ್ಕೂ ಇದೇ ನ್ಯಾಯ. ಕಣಜ, ಗುಲಗಂಜಿ ಹುಳು, ಜೇಡ ಇವೆಲ್ಲ ನಮ್ಮ ಪರವಾಗಿ ದುಡಿಯುತ್ತಿರುತ್ತವೆ, ಕಟುವಾದ ಔಷಧಿ ಮೊದಲು ಕೊಲ್ಲುವುದು ಅವನ್ನು. ಪೈಪಿನಿಂದ ನೀರನ್ನು ಜೋರಾಗಿ ಬಿಟ್ಟು ತಿಗಣೆಯನ್ನು ತೊಳೆದುಹಾಕಿ, ಹೆಚ್ಚು ಹತ್ತಿದ ಕುಡಿಯನ್ನು ಕತ್ತರಿಸಿ, ಉಳಿದದ್ದಕ್ಕೆ ಸೋಪಿನ ನೀರಲ್ಲಿ ಕಲಸಿದ ಬೇವಿನೆಣ್ಣೆ ಸಿಂಪಡಿಸಿದರೆ ಸಾಕು. ಗಿಡಕ್ಕೆ ಹತ್ತುವ ಇರುವೆಗಳನ್ನೂ ತಡೆಯಬೇಕು, ತಿಗಣೆ ಒಸರುವ ಸಿಹಿಯ ಆಸೆಗೆ ಅದನ್ನು ಕಾದು ಸಾಕುವವು ಅವೇ.

ಮಣ್ಣಿನ ವಿಷಯಕ್ಕೆ ಬಂದರೆ ಕೇಪಳ ಹೇಳುವಷ್ಟು ಸ್ಪಷ್ಟವಾಗಿ ಬೇರಾವ ಗಿಡವೂ ಹೇಳುವುದಿಲ್ಲ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಕೆಂಪು ಗೊಂಚಲು ಹೊತ್ತು ನಿಂತಿರುವ ಗಿಡ ಇದು. ಅದನ್ನೇ ಬೆಂಗಳೂರಿನ ಹೊಸ ಬಡಾವಣೆಗೆ ತಂದರೆ ವರ್ಷದೊಳಗೆ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮುರಕಲ್ಲಿನ ಮಣ್ಣು ಹುಳಿ. ಹೊಸ ಮನೆಯ ಗೋಡೆಬುಡದಲ್ಲಿ ಬಿದ್ದಿರುವುದು ಸಿಮೆಂಟು, ಸುಣ್ಣ, ಗಾರೆಯ ಚೂರು. ಮೇಲಿಂದ ಬೀಳುವುದು ಕೊಳವೆಬಾವಿಯ ಗಡಸು ನೀರು. ಎರಡೂ ಸೇರಿ ಮಣ್ಣನ್ನು ಕ್ಷಾರವಾಗಿಸುತ್ತವೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಲ್ಲಿ ಅದು ಕರಗದೆ ಬೇರಿಗೆ ದಕ್ಕುವುದಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಲೀಟರಿಗೆ ಐದು ಗ್ರಾಂನಂತೆ ನೀರಲ್ಲಿ ಕರಗಿಸಿ ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕವಾಗಿ ಹಸಿರು ಮರಳುತ್ತದೆ. ಶಾಶ್ವತ ಪರಿಹಾರವೆಂದರೆ ಎರಡಡಿ ಅಗಲ, ಎರಡಡಿ ಆಳದ ಗುಂಡಿಯಿಂದ ಕಟ್ಟಡದ ಕಸವನ್ನೆಲ್ಲ ಎತ್ತಿಹಾಕಿ, ಕೆಂಪು ಮಣ್ಣು ಮತ್ತು ಕೊಳೆತ ಎಲೆಗೊಬ್ಬರ ತುಂಬಿ, ಆಗಾಗ ಮಳೆನೀರು ಹಿಡಿದಿಟ್ಟು ಹಾಕುವುದು. ಇಷ್ಟು ಮಾಡಲಾರದವರು ಕೇಪಳದ ಆಸೆ ಬಿಟ್ಟು ನಂದಿಬಟ್ಟಲು ನೆಡುವುದು ಮೇಲು.

ವಿಜಯಪುರ, ಗದಗದ ಎರೆಮಣ್ಣಿನ ಕಥೆ ಬೇರೆ. ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಸಣ್ಣ ಬೇರುಗಳನ್ನು ಹರಿಯುತ್ತದೆ. ಅಲ್ಲಿ ನೆಲದಲ್ಲೇ ಗುಂಡಿ ತೋಡುವ ಬದಲು ಗರಸು ಬೆರೆಸಿದ ಮಣ್ಣನ್ನು ಒಂದಡಿ ಏರಿಸಿ, ಆ ದಿಬ್ಬದ ಮೇಲೆ ನೆಟ್ಟರೆ ಮಳೆಗಾಲದಲ್ಲಿ ಬೇರು ಕೊಳೆಯುವುದಿಲ್ಲ. ಕಣಗಿಲೆ ಆ ಬಿಸಿಲಿಗೂ ಬರಕ್ಕೂ ಜಗ್ಗುವುದಿಲ್ಲ. ಶಂಖಪುಷ್ಪದ ಬಳ್ಳಿಯಂತೂ ಜಿಗುಟು ಮಣ್ಣಲ್ಲೂ ಹಬ್ಬುತ್ತದೆ; ಅವರೆ, ತೊಗರಿಯ ಕುಲದ್ದಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ತನ್ನ ಗೊಬ್ಬರವನ್ನು ತಾನೇ ಮಾಡಿಕೊಳ್ಳುತ್ತದೆ.

ಅರೆನೆರಳಿನ ಅಂಗಳಕ್ಕೆ ಕನಕಾಂಬರದಂಥ ಗಿಡ ಅಪರೂಪ. ಕರಾವಳಿಯವರ ಅಬ್ಬಲಿಗೆ ಇದೇ. ತೆನೆಯ ಬುಡದಿಂದ ತುದಿಯವರೆಗೆ ಸಾಲುಸಾಲಾಗಿ ಅರಳುತ್ತಾ ಹೋಗುವುದರಿಂದ ಒಂದು ತೆನೆಯೇ ವಾರಗಟ್ಟಲೆ ಹೂ ಕೊಡುತ್ತದೆ. ಮಾಮೂಲಿ ಜಾತಿಯ ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟನೆ ಸಿಡಿದು ಬೀಜ ಹಾರುತ್ತದೆ, ಮೊದಲ ಮಳೆ ಬಿದ್ದ ಮೇಲೆ ತಾಯಿಗಿಡದ ಸುತ್ತ ಸಸಿಗಳು ತಾವಾಗಿಯೇ ಹುಟ್ಟುವುದು ಹೀಗೆ. ದೊಡ್ಡ ಹೂವಿನ ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕ ಅಂಬರ, ಅರ್ಕ ಶ್ರಾವ್ಯ ಮೊದಲಾದ ತಳಿಗಳನ್ನು ಹೊರತಂದಿದೆ. ಗಿಡ ಕಾರಣವಿಲ್ಲದೆ ಕುಗ್ಗುತ್ತಿದ್ದರೆ ಕಿತ್ತು ಬೇರು ನೋಡಿ. ಗಂಟುಗಂಟಾಗಿದ್ದರೆ ಜಂತುಹುಳುವಿನ ಬಾಧೆ. ಅಲ್ಲೇ ಮತ್ತೆ ಕನಕಾಂಬರ ನೆಡದೆ ಒಂದು ಹಂಗಾಮು ಚೆಂಡುಹೂ ಬೆಳೆಸಿ, ಬೇವಿನ ಹಿಂಡಿ ಸೇರಿಸಿ. ಚೆಂಡುಹೂವಿನ ಬೇರಿನಲ್ಲಿರುವ ರಾಸಾಯನಿಕ ಆ ಹುಳುಗಳನ್ನು ಕುಗ್ಗಿಸುತ್ತದೆ.

ಮಲ್ಲಿಗೆಯನ್ನು ಸುಲಭದ ಗಿಡಗಳ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಉಡುಪಿಯ ಶಂಕರಪುರದ ಸುತ್ತ ಮನೆಯಂಗಳದಲ್ಲೇ ಮಲ್ಲಿಗೆ ಬೆಳೆದು, ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುವ ಕುಟುಂಬಗಳಿವೆ. ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಲು ನಿಲ್ಲುವ ಅಲ್ಲಿನ ಹೆಂಗಸರ ದುಡಿಮೆ ನೋಡಿದವರು ಅದನ್ನು ಸುಲಭ ಎನ್ನಲಾರರು. ಮನೆಯ ಮಟ್ಟಿಗೆ ಒಂದೆರಡು ಗಿಡ ಸಾಕೆನ್ನುವವರು ಇಷ್ಟು ನೆನಪಿಡಲಿ: ದುಂಡುಮಲ್ಲಿಗೆಗೆ ಪೂರ್ಣ ಬಿಸಿಲು ಬೇಕೇಬೇಕು, ನೆರಳಲ್ಲಿ ಬರೀ ಎಲೆ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ ಸವರಿ, ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿದರೆ ಮಾರ್ಚಿನಿಂದ ಮೊಗ್ಗು. ಇಷ್ಟೂ ಆಗದವರಿಗೆ ಕಾಕಡವಿದೆ. ವಾಸನೆ ಕಡಿಮೆ, ತಾಳಿಕೆ ಹೆಚ್ಚು.

ಸೇವಂತಿಗೆಯದು ಬೆಳಕಿನ ಲೆಕ್ಕ. ರಾತ್ರಿ ಉದ್ದವಾದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಹಗಲು ರಾತ್ರಿಗಳ ಉದ್ದವನ್ನು ಗಿಡ ಅಳೆಯಬಲ್ಲದು ಎಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತಂಬಾಕು, ಸೋಯಾಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಬೆಂಗಳೂರಿನಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ತಾಸು ಮಾತ್ರ. ಅಷ್ಟು ಚಿಕ್ಕ ವ್ಯತ್ಯಾಸವನ್ನೂ ಸೇವಂತಿಗೆ ಗುರುತಿಸುವುದು ನನಗೆ ಇಂದಿಗೂ ಬೆರಗಿನ ಸಂಗತಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣಿಸುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ನೀವು ಕಂಡಿರಬಹುದು. ಕತ್ತಲನ್ನು ಬೆಳಕಿನಿಂದ ತುಂಡರಿಸಿ, ಗಿಡ ಬೇಗನೆ ಮೊಗ್ಗಿಗೆ ಬರದಂತೆ ತಡೆದು, ಎತ್ತರ ಬೆಳೆದ ಮೇಲೆ ಬಲ್ಬು ಆರಿಸುವುದು ಬೆಳೆಗಾರರ ಉಪಾಯ. ನಿಮ್ಮ ಗೇಟಿನ ಪಕ್ಕದ ಬೀದಿದೀಪವೂ ಅದೇ ಕೆಲಸ ಮಾಡುತ್ತದೆ. ದೀಪದ ಬುಡದಲ್ಲಿಟ್ಟ ಸೇವಂತಿಗೆ ಸೊಂಪಾಗಿ ಬೆಳೆದೂ ಹೂ ಬಿಡದಿದ್ದರೆ ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿ ನೋಡಿ. ಆಗಸ್ಟ್ ತನಕ ಕುಡಿ ಚಿವುಟುತ್ತಾ ಬಂದರೆ ಕವಲು ಹೆಚ್ಚಿ ಹೂವೂ ಹೆಚ್ಚುತ್ತದೆ. ಹೂ ಮುಗಿದ ಮೇಲೆ ಗಿಡ ಸತ್ತಿತೆಂದು ಎಸೆಯುವವರೇ ಹೆಚ್ಚು. ಗೇಣುದ್ದ ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ, ಮಳೆ ಹಿಡಿದಾಗ ಅವನ್ನು ಬಿಡಿಸಿ ನೆಟ್ಟರೆ ಮುಂದಿನ ವರ್ಷಕ್ಕೆ ಒಂದು ಗಿಡ ಐದಾರಾಗುತ್ತದೆ.

ಮಲೆನಾಡಿನ ಡೇರೆಯ ಬಗ್ಗೆ ಬರೆಯದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆ ಮಳೆಗಾಲದ ಕೊನೆಗೆ ಯಾವ ಮನೆಗೆ ಹೋದರೂ ಅಂಗಳದಲ್ಲಿ ತಟ್ಟೆಯಗಲದ ಡೇರೆ ಹೂಗಳು. ಡೇರೆ ಅರ್ಥಾತ್ ಡೇಲಿಯಾ ಹುಟ್ಟಿದ್ದು ಮೆಕ್ಸಿಕೊದ ಬೆಟ್ಟಸೀಮೆಯಲ್ಲಿ. ತಂಪು ಹವೆ, ಬಸಿದುಹೋಗುವ ಮಣ್ಣು ಅದಕ್ಕೆ ಇಷ್ಟ, ಮಲೆನಾಡಿನ ಇಳಿಜಾರು ಅದಕ್ಕೆ ತವರಿನಂತೆ ಒದಗಿತು. ಮುಂಗಾರು ಶುರುವಾಗುವಾಗ ಗೆಡ್ಡೆ ಊರಿ, ಗಾಳಿಮಳೆಗೆ ಮುರಿಯದಂತೆ ಅಡಿಕೆ ದಬ್ಬೆಯ ಆಸರೆ ಕಟ್ಟುತ್ತಾರೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಮರಳಲ್ಲೋ ಒಣಮಣ್ಣಲ್ಲೋ ತಂಪಾದ ಕಡೆ ಕಾಪಿಡುತ್ತಾರೆ. ಗೊಂಚಲಿನಿಂದ ಗೆಡ್ಡೆ ಬಿಡಿಸುವಾಗ ಒಂದು ಎಚ್ಚರ ಬೇಕು. ಮೊಳಕೆಯ ಕಣ್ಣಿರುವುದು ಗೆಡ್ಡೆಯ ಮೈಮೇಲಲ್ಲ, ಹಳೆಯ ಕಾಂಡ ಕೂಡುವ ಕತ್ತಿನಲ್ಲಿ. ಕತ್ತು ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ. ಅಲ್ಲಿನ ಹೆಂಗಸರು ನೆಂಟರ ಮನೆಗೆ ಹೋದಾಗ ತಮ್ಮಲ್ಲಿಲ್ಲದ ಬಣ್ಣದ ಗೆಡ್ಡೆ ಕೇಳಿ ತರುತ್ತಾರೆ, ತಮ್ಮದನ್ನು ಕೊಟ್ಟು ಬರುತ್ತಾರೆ. ನರ್ಸರಿಯಲ್ಲಿ ಸಿಗದ ಎಷ್ಟೋ ಬಣ್ಣಗಳು ಈ ಕೊಡುಕೊಳ್ಳುವಿಕೆಯಿಂದಲೇ ಉಳಿದುಬಂದಿವೆ.

ಬೆಂಗಳೂರಿನ ರಸ್ತೆಗಳಲ್ಲಿ ಒಂದಲ್ಲ ಒಂದು ಮರ ಹೂ ತಳೆದಿರುವುದರ ಹಿಂದೆ ಒಂದು ಯೋಜನೆಯಿದೆ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್, ಒಂದು ಜಾತಿ ಹೂ ಮುಗಿಸುವಾಗ ಇನ್ನೊಂದು ಶುರುಮಾಡುವಂತೆ ಮರಗಳನ್ನು ಆರಿಸಿದರು. ಮೂರಡಿ ಪಟ್ಟಿಗೂ ಅದೇ ಸೂತ್ರ ಹೊಂದುತ್ತದೆ. ಡಿಸೆಂಬರ್, ಜನವರಿಗೆ ಸೇವಂತಿಗೆ ಮತ್ತು ಸ್ಫಟಿಕ. ಬೇಸಿಗೆಗೆ ಮಲ್ಲಿಗೆ, ದೇವಕಣಗಿಲೆ. ಮೊದಲ ಮಳೆಗೆ ನೆಲದಿಂದ ಏಳುವ ಮಳೆ ಲಿಲ್ಲಿ, ಮಳೆಗಾಲದ ರಾತ್ರಿಗೆ ಬ್ರಹ್ಮಕಮಲ. ಆಗಸ್ಟಿನಿಂದ ಡೇರೆ, ಪಾರಿಜಾತ. ದಾಸವಾಳ, ನಂದಿಬಟ್ಟಲು, ನಿತ್ಯಪುಷ್ಪ ವರ್ಷವಿಡೀ. ನಾವು ಬ್ರಹ್ಮಕಮಲ ಎಂದು ಕುಂಡದಲ್ಲಿ ಸಾಕುವುದು ಮಧ್ಯ ಅಮೆರಿಕದ ಕಡೆಯ ಒಂದು ಕಳ್ಳಿ, ಹಿಮಾಲಯದ ಬ್ರಹ್ಮಕಮಲಕ್ಕೂ ಅದಕ್ಕೂ ಸಂಬಂಧವಿಲ್ಲ. ಕಳ್ಳಿಯಾದ್ದರಿಂದಲೇ ಅತಿ ನೀರು ಅದಕ್ಕೆ ಆಗದು. ನಿತ್ಯಪುಷ್ಪವೂ ಅಷ್ಟೇ, ಬರಕ್ಕೆ ಅಂಜುವುದಿಲ್ಲ, ನಿಂತ ನೀರಿಗೆ ಕೊಳೆಯುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಔಷಧದ ಮೂಲ ಈ ಬಡ ಗಿಡ.

ಸಂಜೆ ಕೆಲಸ ಮುಗಿಸಿ ಮನೆಗೆ ಬರುವವರು ಸಂಜೆಮಲ್ಲಿಗೆಗೆ ಒಂದು ಮೂಲೆ ಬಿಡಬೇಕು. ಬಿಸಿಲಿಳಿದ ಮೇಲೆ ಅರಳಿ ಸುಗಂಧ ಬೀರುತ್ತದೆ. ಬೇಸಿಗೆಯಲ್ಲಿ ಮೇಲಿನ ಗಿಡ ಒಣಗಿದರೂ ಗೆಡ್ಡೆ ನೆಲದಲ್ಲಿ ಉಳಿದು ಮಳೆಗೆ ಮತ್ತೆ ಚಿಗುರುತ್ತದೆ.

ನೀರು, ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದಲ್ಲಿ ಬೇರೂರಿ ವರ್ಷ ಕಳೆದ ಗಿಡಕ್ಕೆ ದಿನವೂ ಚೆಂಬು ನೀರು ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಬುಡ ತುಂಬ ಹೊಯ್ಯುವುದು ಒಳ್ಳೆಯದು, ಬೇರು ಆಳಕ್ಕಿಳಿಯುತ್ತದೆ. ಕುಂಡಕ್ಕಾದರೆ ಬೆರಳು ಊರಿ ನೋಡಿ, ಒಂದಂಗುಲ ಒಣಗಿದ್ದರೆ ಹಾಕಿ. ಬುಡಕ್ಕೆ ತರಗೆಲೆ ಹೊದಿಸಿ. ಯೂರಿಯಾ ಹಾಕಿದರೆ ಎಲೆ ಮಾತ್ರ ಕೊಬ್ಬುತ್ತದೆ. ವರ್ಷಕ್ಕೆರಡು ಸಲ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು.

ಮಕ್ಕಳು, ದನಕರು ಇರುವ ಮನೆಯವರು ಕಣಗಿಲೆಯ ವಿಷಯದಲ್ಲಿ ಜಾಗ್ರತೆಯಿಂದಿರಬೇಕು. ಅದರ ಎಲೆ, ಹೂ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಸವರಿದ ಕಡ್ಡಿಯನ್ನು ದನ ಬಾಯಿ ಹಾಕುವ ಕಡೆ ಬಿಸಾಡಬಾರದು, ಸುಡಲೂಬಾರದು, ಹೊಗೆಯೂ ಕೆಟ್ಟದ್ದು. ಹಳದಿ ಕಣಗಿಲೆಯ ಕಾಯಿ, ಅಗ್ನಿಶಿಖೆಯ ಗೆಡ್ಡೆ, ಸಂಜೆಮಲ್ಲಿಗೆಯ ಮೆಣಸುಕಾಳಿನಂಥ ಬೀಜ ಇವೂ ಮಕ್ಕಳ ಕೈಗೆ ಸಿಗಬಾರದು.

ಗಿಡಗಳನ್ನೆಲ್ಲ ಕೊಂಡೇ ತರಬೇಕಿಲ್ಲ. ಜೂನಿನಲ್ಲಿ ಮಳೆ ಹಿಡಿದ ಮೇಲೆ ದಾಸವಾಳ, ನಂದಿಬಟ್ಟಲು, ಕಾಕಡ, ಸ್ಫಟಿಕ ಎಲ್ಲವೂ ಕಡ್ಡಿಯಿಂದ ಬರುತ್ತವೆ. ತೀರಾ ಎಳೆಯದೂ ಅಲ್ಲದ, ಬಲಿತು ಗಟ್ಟಿಯಾದದ್ದೂ ಅಲ್ಲದ, ಪೆನ್ಸಿಲ್ ದಪ್ಪದ ಕಡ್ಡಿಯನ್ನು ಪರಿಚಯದವರ ಮನೆಯಿಂದ ಕೇಳಿ ತನ್ನಿ. ಗೇಣುದ್ದಕ್ಕೆ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಕೆಳಗಿನ ಎರಡು ಗೆಣ್ಣು ಮಣ್ಣೊಳಗಿರುವಂತೆ ಮರಳು ಬೆರೆಸಿದ ಮಣ್ಣಿಗೆ ಊರಿ, ನೆರಳಲ್ಲಿಡಿ. ಒಂದು ತಿಂಗಳಿಂದ ಆರು ವಾರದೊಳಗೆ ಬೇರು ಬರುತ್ತದೆ. ನಡುವೆ ಬೇರು ಬಂತೇ ಎಂದು ಎಳೆದು ನೋಡಬೇಡಿ. ಹೊಸ ಎಲೆ ಬಿಟ್ಟ ಮೇಲೆ ಜಾಗಕ್ಕೆ ನೆಟ್ಟು, ಮೊದಲ ಕೆಲವು ತಿಂಗಳು ಬಂದ ಮೊಗ್ಗನ್ನು ಚಿವುಟಿ ಗಿಡದ ಶಕ್ತಿಯನ್ನು ಬೇರಿಗೆ ಉಳಿಸಿ. ದೀಪಾವಳಿಯ ನಂತರ ಬರುವ ಮೊಗ್ಗುಗಳನ್ನು ಹಾಗೇ ಅರಳಲು ಬಿಡಬಹುದು.